ಗೋಡೆಯ ಮೇಲಿನ ಸವತಿ

ದೊಡ್ಡವಳೇ, ಸಣ್ಣವನೇ, ಅಜ್ಜೀ ಅಜ್ಜನ ಮೇಲೆ ನಿನಗೇಕೆ ಅಷ್ಟು ಸಿಟ್ಟು ಎಂದು ಕೇಳುತ್ತೀರಲ್ಲ, ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಬರೆದಿಡುತ್ತೇನೆ.

ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ನಡುಮನೆಯಲ್ಲಿ ಅಜ್ಜನ ಪಕ್ಷದ ನಾಯಕನ ಫೋಟೊ ಇತ್ತು. ಅಜ್ಜ ಫ್ಯಾಕ್ಟರಿಗೆ ಹೊರಡುವ ಮುಂಚೆ ಮಲ್ಲಿಗೆ ಕೊಂಡು ಅದಕ್ಕೆ ಹಾಕುತ್ತಿದ್ದರು. ಬದುಕಿರುವವರ ಫೋಟೊಕ್ಕೆ ಹಾರ ಹಾಕಬಾರದು ಎಂದರೂ ಕೇಳುತ್ತಿರಲಿಲ್ಲ. ನನಗೆ ಜ್ವರ ಬಂದರೆ ಬಾಗಿಲಲ್ಲೇ ನಿಂತು "ಗುಳಿಗಿ ತಗೊ" ಅನ್ನುವವರು, ಆತನಿಗೆ ಗಂಟಲು ಕಟ್ಟಿದೆ ಎಂದು ಟಿವಿಯಲ್ಲಿ ಕೇಳಿದರೆ ಊಟ ಬಿಡುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ನಿಜವಾದ ಸವತಿಯಾಗಿದ್ದರೆ ಜಗಳವಾದರೂ ಆಡುತ್ತಿದ್ದೆ.

ಒಂದು ಚುನಾವಣೆಯಲ್ಲಿ ಆತನ ಎದುರು ಒಬ್ಬ ವಿಧವೆ ನಿಂತಳು. ಗಂಡನನ್ನು ನುಂಗಿದವಳು ಊರನ್ನು ಉಳಿಸುತ್ತಾಳೆಯೇ ಎಂದು ಆತ ಸಭೆಯಲ್ಲಿ ತೆಲುಗಿನಲ್ಲಿ ಹೀಯಾಳಿಸಿದ. ಟಿವಿ ನೋಡುತ್ತಿದ್ದ ಅಜ್ಜ ತೊಡೆ ತಟ್ಟಿ ನಕ್ಕರು.

"ಇದು ತಪ್ಪಲ್ಲೇನ್ರಿ?"

"ಎಲೆಕ್ಷನ್ನಾಗ ಹಂಗ ಮಾತಾಡಬೇಕಾಕ್ಕತಿ. ನಿನಗ ತಿಳಿಯಂಗಿಲ್ಲ, ಸುಮ್ನಿರು."

"ನಾಳೆ ನಾ ಹಂಗಾದ್ರ ನನಗೂ ಹಿಂಗ ಅನ್ನಬಹುದೇನು?"

ಅವರು ಟಿವಿಯ ದನಿ ಏರಿಸಿದರು. 'ತಪ್ಪು' ಎಂಬ ಒಂದೇ ಮಾತು ಅವರ ಬಾಯಿಂದ ಬರಲಿ ಎಂದು ಅಂದಿನಿಂದ ಕಾದೆ.

ದೊಡ್ಡವಳೇ, ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಅವ್ವನಿಗೆ ಸೀಮಂತದ ಕುಬಸ ಮಾಡಿದೆವು. ಹೆಂಗಸರೆಲ್ಲ, "ಅತ್ತಿ ಮೊದಲು ಒಡಪು ಹಾಕಲಿ!" ಎಂದು ಗದ್ದಲ ಎಬ್ಬಿಸಿದರು. ಒಡಪೆಂದರೆ ಪ್ರಾಸ ಕಟ್ಟಿ, ಕೊನೆಗೆ ಗಂಡನ ಹೆಸರು ಹೇಳಬೇಕು. ನಾನು ತಲೆ ತಗ್ಗಿಸಿ ಹೇಳಿದೆ:

"ಫೋಟೊಕ್ಕ ದಿನಾ ಮಲ್ಲಿಗಿ ಹಾರ, ನನ್ನ ಜಡಿಗೆ ಹೂವಿನ ಬರ..."

ಅಲ್ಲಿಗೇ ನಿಲ್ಲಿಸಿದೆ.

"ಹೆಸರೆಲ್ಲೆವ್ವಾ? ಹೋಳಿಗಿ ಜೋಡಿ ನುಂಗಿದೇನು?" ಎಂದು ಪಕ್ಕದ ಮನೆಯವಳು ನಗಾಡಿದಳು.

"ಆ ವಿಧವಿಗೆ ಅಂದ ಮಾತು ತಪ್ಪು ಅಂತ ಅವರು ಅಂದ ಮ್ಯಾಲೆ ಹೇಳ್ತೀನಿ."

ಹೊರಗೆ ಕುಳಿತಿದ್ದ ಅಜ್ಜ ಕೇಳಿಸಿಕೊಂಡರು. ಎಲ್ಲರೂ ಹೋದ ಮೇಲೆ "ಮಂದ್ಯಾಗ ಪಕ್ಷದ ಮಾನ ತಗದಿ" ಎಂದರು. ನನ್ನ ಮಾನದ ಸುದ್ದಿ ಬರಲೇ ಇಲ್ಲ.

ಆ ಒಂದು ಮಾತು ಹೇಳದೆಯೇ ಅವರು ತೀರಿಹೋದರು. ಪಕ್ಷದವರು ಬಂದು ಎದೆಯ ಮೇಲೆ ತಮ್ಮ ಬಣ್ಣದ ಶಾಲು ಹೊದಿಸಿದರು. "ತಗೀರಿ ಅದನ್ನ" ಎಂದೆ.

"ಇರ್ಲಿ ಬಿಡವ್ವಾ, ಅಪ್ಪಗ ಅದಽ ಸೇರತಿತ್ತು" ಎಂದ ನಿಮ್ಮ ಅಪ್ಪ.

ಹೊದಿಸಬೇಕೆಂದು ಪೆಟ್ಟಿಗೆಯಿಂದ ತೆಗೆದಿದ್ದ ನಮ್ಮ ಮದುವೆಯ ಧೋತರ ನನ್ನ ಕೈಯಲ್ಲೇ ಉಳಿಯಿತು.

ಈಗ ನಾನೂ ಆ ನಾಯಕ ಹೀಯಾಳಿಸಿದಂಥ ವಿಧವೆಯೇ. ನಿಮ್ಮ ಅಪ್ಪನೂ ಅದೇ ಪಕ್ಷಕ್ಕೆ ಓಡಾಡುತ್ತಾನೆ. ಈ ಹಾಳೆಗಳು ಕೈಗೆ ಸಿಕ್ಕರೆ ಹರಿದಾನು. ನಿಮ್ಮ ಹತ್ತಿರ ಜೋಪಾನವಾಗಿ ಇಟ್ಟುಕೊಳ್ಳಿ, ನನ್ನ ಕೂಸುಗಳೇ.