ಅರ್ಧಕ್ಕೆ ತಿರುಗಿದ ಜಾಡು

ಹಿಮಬೆಟ್ಟಗಳ ನಾಡಾದ ಟಿರೋಲಿನ ಆ ಕಣಿವೆಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಯಾರೂ ನೇರವಾಗಿ ಮನೆಗೆ ಹೋಗುವುದಿಲ್ಲ. ಚರ್ಚಿನ ಅಂಗಳದಲ್ಲಿ ನಿಂತು ಎದುರಿನ ಗೈಸ್‌ಕಾರ್ ಇಳಿಜಾರನ್ನು ನೋಡುತ್ತಾರೆ. ಹೊಸ ಹಿಮದ ಮೇಲೆ ಯಾರ ಸ್ಕೀ ಜಾಡು ಎಲ್ಲಿ ಹತ್ತಿದೆ, ಎಲ್ಲಿ ಇಳಿದಿದೆ ಎಂಬುದೇ ಅಲ್ಲಿಯ ಮಾತು. ಹೋಟೆಲು ನಡೆಸುವ ಫೆರ್ಡಲ್ ದುರ್ಬೀನನ್ನೇ ಜೇಬಿನಲ್ಲಿಟ್ಟುಕೊಂಡು ಪೂಜೆಗೆ ಬರುತ್ತಾನೆ. ಯಾವುದಾದರೂ ಜಾಡು ತುದಿ ಮುಟ್ಟದೆ ಅರ್ಧಕ್ಕೆ ಕೊಕ್ಕೆಯಂತೆ ತಿರುಗಿದ್ದರೆ ಅವನಿಗೆ ಹಬ್ಬ.

“ನೋಡ್ರೋ, ಕೋಳಿ ಗೂಡಿಗೆ ವಾಪಸ್ ಹೋಗಿದೆ” ಎನ್ನುತ್ತಾನೆ. ಮತ್ತೆ ಹಿಮ ಬಿದ್ದು ಆ ಕೊಕ್ಕೆ ಮುಚ್ಚುವವರೆಗೆ ಅದರ ಒಡೆಯನಿಗೆ ಹೋಟೆಲಿನಲ್ಲಿ ತಲೆ ಎತ್ತುವ ಹಾಗಿಲ್ಲ.

ಅಂಚೆ ಹಂಚುವ ನೋಟ್‌ಬುರ್ಗಾಳ ಜಾಡು ಮಾತ್ರ ಎಂದೂ ಹಾಗೆ ತಿರುಗಿದ್ದಿಲ್ಲ. ಊರಿಗೆಲ್ಲ ಅವಳು ಬುರ್ಗಲ್. ಗಾಳಿ ಯಾವ ಮಗ್ಗುಲಿಗೆ ಹಿಮವನ್ನು ಗುಡ್ಡೆ ಹಾಕುತ್ತದೆ, ಬೆಟ್ಟದ ಬೆನ್ನಿನಂಥ ಯಾವ ಏಣು ಹಿಡಿದು ಹತ್ತಿದರೆ ಕ್ಷೇಮ ಎಂಬುದು ಅವಳಿಗೆ ಬಾಗಿಲುಗಳ ನಂಬರಿನಷ್ಟೇ ಪರಿಚಿತ. ಹಿಮ ಕುಸಿದಾಗ ಹುಡುಕಲು ಹೋಗುವ ತಂಡದಲ್ಲೂ ಅವಳಿದ್ದಳು. ಪ್ರತಿ ಚಳಿಗಾಲದ ಮೊದಲಲ್ಲಿ ಶಾಲೆಯ ಮಕ್ಕಳನ್ನು ಕರೆದೊಯ್ದು ಹಿಮದ ಪದರಗಳನ್ನು ಅಗೆದು ತೋರಿಸುತ್ತಿದ್ದಳು. “ಬುರ್ಗಲ್ ಹೋದ ದಾರಿ” ಎಂದರೆ ಊರಿನಲ್ಲಿ ಮುಂದಿನ ಪ್ರಶ್ನೆಯೇ ಇರುತ್ತಿರಲಿಲ್ಲ.

ಫೆಬ್ರವರಿಯ ಆ ಭಾನುವಾರ ಅವಳು ಒಬ್ಬಳೇ ಹೊರಟಿದ್ದಳು. ಮರಗಳಿದ್ದ ಏಣಿನ ಮೇಲೆಯೇ ಉಳಿಯಬೇಕು, ತೆರೆದ ಇಳಿಜಾರಿಗೆ ಹೋಗಬಾರದು ಎಂದು ಮನೆಯಲ್ಲೇ ನಿಶ್ಚಯಿಸಿದ್ದಳು. ಆದರೆ ಮೇಲೆ ಹೋದಂತೆ ಬಿಸಿಲು ಬಿತ್ತು, ಹಿಮ ರೇಷ್ಮೆಯಂತಿತ್ತು. ಮರಗಳು ಮುಗಿಯುವಲ್ಲಿ ನಿಂತು ಕೈಯಿಂದ ಅಗೆದು ನೋಡಿದಳು. ಗಾಳಿ ತಂದು ಒತ್ತಿದ, ಹಲಗೆಯಂಥ ಗಟ್ಟಿ ಹಿಮದ ಪದರ. ಅದರಡಿಯಲ್ಲಿ ಸಕ್ಕರೆಯಂತೆ ಉದುರುವ, ಮೇಲಿನದನ್ನು ಹಿಡಿದಿಡಲಾರದ ಹರಳು. ಆದರೂ ಇನ್ನೊಂದಿಷ್ಟು ನೋಡೋಣವೆಂದು ತೆರೆದ ಜಾಗಕ್ಕೆ ಕಾಲಿಟ್ಟಳು. ಕಾಲಡಿಯಲ್ಲಿ ‘ಧುಪ್’ ಎಂದು ಹಿಮ ಕುಸಿದು ಕೂತಿತು.

ಆ ಸದ್ದಿನ ಅರ್ಥ ಅಲ್ಲಿಯ ಮಕ್ಕಳಿಗೂ ಗೊತ್ತು. ಅವಳೇ ಕಲಿಸಿದ್ದು: ಬೆಟ್ಟ ಹಾಗೆ ಉಸಿರು ಬಿಟ್ಟರೆ ಬಂದ ಜಾಡಿನಲ್ಲೇ ವಾಪಸ್ಸು.

ಅಷ್ಟರಲ್ಲಿ ಕೆಳಗೆ ಚರ್ಚಿನ ಗಂಟೆ ಹೊಡೆಯಿತು. ಅಂಗಳದಲ್ಲಿ ಕಪ್ಪು ಚುಕ್ಕೆಗಳು ಹರಡಿದವು. ಅವುಗಳ ನಡುವೆ ಗಾಜು ಮಿನುಗಿದಂತಾಯಿತು. ಬುರ್ಗಲ್ ತಿರುಗಲಿಲ್ಲ. ತುದಿಯವರೆಗೆ ಹತ್ತಿದಳು, ಇಡೀ ಇಳಿಜಾರಿನಲ್ಲಿ ಬಳ್ಳಿಯಂತೆ ಬಳುಕುತ್ತಾ ಇಳಿದಳು. ಏನೂ ಆಗಲಿಲ್ಲ. ಕೆಳಗೆ ಬಂದಾಗ ಫೆರ್ಡಲ್ ಟೋಪಿ ತೆಗೆದು ತಲೆಬಾಗಿದ.

ರಾತ್ರಿಯೆಲ್ಲ ಗಾಳಿ ಬೀಸಿ ಇಳಿಜಾರಿನ ಮೇಲೆ ಇನ್ನಷ್ಟು ಹಿಮ ಹೇರಿತು. ಮರುದಿನ ಚೀಸ್ ಮಾಡುವ ವಿನ್ಸೆನ್ಜ್ ಅರೆಮುಚ್ಚಿದ ಅದೇ ಜಾಡು ಹಿಡಿದು ಹತ್ತಿದ. ಅವನ ಹೆಂಡತಿ ಜೆಂಜಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಹಾಗೆಯೇ ಇಳಿಜಾರು ಬಿರುಕು ಬಿಟ್ಟು ಜಾರಿತು. ಮೊದಲು ಓಡಿ ತಲುಪಿದವಳು ಬುರ್ಗಲ್. ಅವನ ತಲೆ ಹೊರಗಿತ್ತು, ಹಾಗಾಗಿ ಉಳಿದ. ಕಾಲು ಮುರಿದಿತ್ತು.

ಅವಳಿಗೆ ನಿಜವಾದ ಶಿಕ್ಷೆ ಶುರುವಾದದ್ದು ಆಮೇಲೆ. ಊರು ಅವಳನ್ನು ಹೊಗಳಿತು. ಜೆಂಜಿ ಗಾಲಿಯಂತೆ ದುಂಡಗಿನ ಇಡೀ ಚೀಸೊಂದನ್ನು ಮನೆಗೆ ತಂದುಕೊಟ್ಟು ಕೈ ಹಿಡಿದು ಅತ್ತಳು. ಇತ್ತ ಹೋಟೆಲಿನಲ್ಲಿ ಫೆರ್ಡಲ್ ಹೊಸ ಮಾತು ಹುಟ್ಟಿಸಿದ: “ಬುರ್ಗಲ್ ಗೆರೆ ಎಳೆದು ಕೊಟ್ರೂ ಅದರ ಮೇಲೆ ನಡೆಯೋಕೆ ಬರದ ಗಂಡಸು ಇವನೊಬ್ಬನೇ ಕಣ್ರೋ.” ವಿನ್ಸೆನ್ಜ್ ತನ್ನ ಸ್ಕೀಗಳನ್ನು ಅಟ್ಟಕ್ಕೆ ಹಾಕಿಸಿದ ಎಂಬ ಸುದ್ದಿಯೂ ಬಂತು.

ಬುರ್ಗಲ್ ದಿನವೂ ಆ ಮನೆಗೆ ಅಂಚೆ ಕೊಡಲೇಬೇಕಿತ್ತು. ಪೆಟ್ಟಿಗೆಗೆ ಹಾಕಿ ಕಳ್ಳಿಯಂತೆ ಹಿಂದಕ್ಕೆ ಸರಿಯುತ್ತಿದ್ದಳು. ಆ ಚೀಸನ್ನು ಕತ್ತರಿಸಲು ಚಾಕು ಎತ್ತಿಕೊಂಡರೆ ಕೈ ಬರುತ್ತಿರಲಿಲ್ಲ. ಒಂದು ದಿನ ಜೆಂಜಿ ಬಾಗಿಲಲ್ಲೇ ಕಾದು ಹಿಡಿದಳು.

“ಏನೇ, ನಾವೇನು ಕಚ್ತೀವಾ? ಒಳಗೆ ಬಾ. ಇವರಿಗೆ ನೀನಾದ್ರೂ ಬುದ್ಧಿ ಹೇಳು.”

ವಿನ್ಸೆನ್ಜ್ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. “ನಂಗೆ ಬೆಟ್ಟ ನೋಡೋ ಕಣ್ಣಿಲ್ಲ ಬಿಡು ಬುರ್ಗಲ್. ನಿನ್ನ ಜಾಡಿನಲ್ಲೇ ಹೋಗಿಯೂ ಎಲ್ಲೋ ತಪ್ಪಿದೆ.”

“ನೀನು ತಪ್ಪಲಿಲ್ಲ” ಎಂದಳು ಬುರ್ಗಲ್. “ಜಾಡೇ ತಪ್ಪು. ಹಿಂದಿನ ದಿನ ನನ್ನ ಕಾಲಡಿ ಹಿಮ ಕೂತಿತ್ತು. ಸದ್ದು ಕೇಳಿತ್ತು. ಆದ್ರೂ ಹೋದೆ.”

ಜೆಂಜಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ವಿನ್ಸೆನ್ಜ್ ತನ್ನ ಪಟ್ಟಿ ಕಟ್ಟಿದ ಕಾಲನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಳಿಸಿದ.

“ಕೇಳಿಯೂ ನಂಗೆ ಹೇಳಲಿಲ್ಲ” ಎಂದ.

“ಹೇಳಲಿಲ್ಲ.”

“ಈಗ ನನ್ನ ಅಡುಗೆಮನೇಲಿ ಹೇಳಿದೆ. ಫೆರ್ಡಲ್ ನಗೋದು ಹೋಟೆಲಿನಲ್ಲಿ. ಅಲ್ಲಿ ಯಾರು ಹೇಳ್ತಾರೆ?”

ಬುರ್ಗಲ್ ಅಂಚೆ ಚೀಲವನ್ನು ಹೆಗಲಿಗೇರಿಸಿದಳು. ಬಾಗಿಲು ದಾಟುವಾಗ ಜೆಂಜಿ ಮುಖ ತಿರುಗಿಸಿಯೇ ಹೇಳಿದಳು: “ಆ ಚೀಸ್ ವಾಪಸ್ ತಂದುಕೊಡು.”

ಭಾನುವಾರ ಪೂಜೆಯ ನಂತರ ಬುರ್ಗಲ್ ಹೋಟೆಲಿನ ಉದ್ದ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಬಿಯರ್ ಲೋಟಗಳು ಮೇಜಿಗಿಳಿದವು. ಕೊನೆಗೆ ಫೆರ್ಡಲ್ಲೇ ಕೇಳಿದ: “ಅಲ್ಲ ಕಣೆ, ಒಬ್ಬಳೇ ಇದ್ದೆ. ತಿರುಗಿ ಬರೋಕೆ ಏನಾಗಿತ್ತು?”

“ನೀವೆಲ್ಲ ನೋಡ್ತಾ ಇದ್ರಿ” ಎಂದಳು.

ಫೆರ್ಡಲ್ ಲೋಟ ಒರೆಸುವ ಬಟ್ಟೆಯನ್ನು ಮಡಿಚಿದ, ಬಿಡಿಸಿದ, ಮತ್ತೆ ಮಡಿಚಿದ. ಆ ದಿನ ಅವನು ದುರ್ಬೀನು ತೆಗೆಯಲಿಲ್ಲ. ಆದರೆ ಅವಳನ್ನು ಯಾರೂ ಸಮಾಧಾನಪಡಿಸಲೂ ಇಲ್ಲ.

ಮುಂದಿನ ವಾರ ಹೊಸ ಹಿಮ ಬಿತ್ತು. ಪೂಜೆ ಮುಗಿಯುವ ಹೊತ್ತಿಗೆ ಬುರ್ಗಲ್ ಗೈಸ್‌ಕಾರ್‌ನಲ್ಲಿ ಮರಗಳು ಮುಗಿಯುವ ಅಂಚಿನಲ್ಲಿದ್ದಳು. ಅಗೆದು ನೋಡಿದಳು. ಸಕ್ಕರೆ ಹರಳು ಇನ್ನೂ ಅಲ್ಲೇ ಇತ್ತು. ಗಂಟೆ ಹೊಡೆಯಿತು, ಚುಕ್ಕೆಗಳು ಅಂಗಳಕ್ಕೆ ಬಂದವು. ಅವುಗಳಲ್ಲಿ ಒಂದು ಮಾತ್ರ ನಿಧಾನವಾಗಿ, ಊರುಗೋಲಿನ ಲಯದಲ್ಲಿ ಚಲಿಸುತ್ತಿತ್ತು. ಆ ಚಳಿಯಲ್ಲೂ ಅವಳ ಕಿವಿ ಸುಡುತ್ತಿತ್ತು.

ಅವಳು ಸ್ಕೀಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿದಳು. ಕೆಳಗಿದ್ದವರಿಗೆಲ್ಲ ಕಾಣುವ ಹಾಗೆ, ಅಗಲವಾದ ಕೊಕ್ಕೆಯೊಂದನ್ನು ಹಿಮದಲ್ಲಿ ಬರೆದು, ಹತ್ತಿದ ಜಾಡಿನಲ್ಲೇ ಇಳಿದಳು. ಆ ವರ್ಷ ಆಮೇಲೆ ಬಹಳ ದಿನ ಹಿಮ ಬೀಳಲಿಲ್ಲ. ಅಂಚೆ ಚೀಲ ಹೊತ್ತು ಮನೆಮನೆಗೆ ಹೋಗುವಾಗ ಪ್ರತಿ ಬಾಗಿಲಿನಿಂದಲೂ ಅವಳಿಗೆ ಆ ಕೊಕ್ಕೆ ಕಾಣುತ್ತಿತ್ತು.