ಬಿಯಾಫ್ರಾಕ್ಕೆ ಹೊರಟ ಕೌದಿ

ನಮ್ಮ ಇಬ್ರಾಹಿಂಪುರದ ಚಂದ್ರಾಬಾಯಿ ಹೊಲಿದ ಕೌದಿ ಏಳು ಸಮುದ್ರ ದಾಟಿ ಆಫ್ರಿಕಾ ಮುಟ್ಟಿದೆ! ವಿಜಾಪುರದಿಂದ ಅಷ್ಟು ದೂರ ಬೇರೆ ಯಾವುದೂ ಹೋಗಿಲ್ಲ. ಗೋಳಗುಮ್ಮಟದ ದನಿ ಕೂಡ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಹೀಗೆಂದು ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ನಾವೆಲ್ಲ ವರ್ಷವಿಡೀ ಮೀಸೆ ತಿರುವಿದೆವು. ಮೀಸೆ ಇಲ್ಲದವರು ಪಕ್ಕದವರದನ್ನು ತಿರುವಿದರು.

ಚಂದ್ರಾಬಾಯಿ ಗಂಡನಿಲ್ಲದ ಹೆಂಗಸು. ಮನೆಮನೆಯ ಹಳೆಯ ಸೀರೆ ತಂದು ಕೌದಿ ಹೊಲಿದು ಬದುಕುತ್ತಿದ್ದಳು. ಹೊಲಿಗೆ ಎಷ್ಟು ಒತ್ತೆಂದರೆ, ಒಳಗೆ ಸಿಕ್ಕ ತಿಗಣೆ ಅಲ್ಲಿಯೇ ಮುಪ್ಪಾಗಿ ಸಾಯಬೇಕು. ಭಾನುವಾರ ಮಾತ್ರ ಸೂಜಿ ಮುಟ್ಟದೆ ಚರ್ಚಿಗೆ ಹೋಗುತ್ತಿದ್ದಳು.

ಅರವತ್ತೆಂಟರ ಮಳೆಗಾಲದಲ್ಲಿ ಚರ್ಚಿನ ಹಿರಿಯ ಭಾಗಪ್ಪ ಪೇಪರಿನ ಚಿತ್ರವೊಂದನ್ನು ಎತ್ತಿ ತೋರಿಸಿದ. ಆಫ್ರಿಕಾದ ಬಿಯಾಫ್ರಾದಲ್ಲಿ ಯುದ್ಧ. ಕಾಳುಕಡಿ ಹೋಗುವ ದಾರಿಯನ್ನೇ ಕಟ್ಟಿದ್ದಾರೆ. ಮಕ್ಕಳು ಹಸಿದು ಸಾಯುತ್ತಿವೆ. ಚಿತ್ರದಲ್ಲಿ ಕಣ್ಣಷ್ಟೇ ಉಳಿದ ಒಂದು ಕೂಸು.

"ಇದ್ದದ್ದು ಕೊಡ್ರಿ. ಮುಂಬೈಕ್ಕ ಒಯ್ದು ಹಡಗಕ್ಕ ಹಾಕೂದು ನನ್ನ ಜವಾಬ್ದಾರಿ," ಎಂದ.

ಚಂದ್ರಾಬಾಯಿ ಮನೆಗೆ ಬಂದು ಪೆಟ್ಟಿಗೆ ತೆರೆದಳು. ದಡಾರದಲ್ಲಿ ತೀರಿಹೋದ ಮಗಳು ಎಸ್ತೇರಳ ಪರಕಾರ ಅದರಲ್ಲಿತ್ತು. ಹಸಿರು ಗಿಳಿಗಳ ಚಿತ್ರದ ಲಂಗ. ಅಲ್ಲಿಯವರೆಗೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅದನ್ನೇ ಕತ್ತರಿಸಿ ಕೌದಿಯ ನಟ್ಟನಡುವೆ ಕೂಡಿಸಿದಳು.

ಕೌದಿ ಮುಗಿಸುವಾಗ ಮೂಲೆಯಲ್ಲಿ ಚೂರು ರೊಟ್ಟಿ ಇಟ್ಟು ಹೊಲಿಯುವುದು ರೂಢಿ. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರ ಹೊಟ್ಟೆಯೂ ತುಂಬುತ್ತದಂತೆ. ಚಂದ್ರಾಬಾಯಿ ಚೂರಿಗೆ ನಿಲ್ಲಲಿಲ್ಲ. ನಾಲ್ಕೂ ಮೂಲೆಗೆ ಒಣಗಿಸಿದ ಕಟಕ್ ರೊಟ್ಟಿ, ಮೇಲೆ ನಂಜಿಕೊಳ್ಳಲು ಶೇಂಗಾ ಹಿಂಡಿ.

ನೆರೆಮನೆಯ ಕಾಶಿಬಾಯಿ ನಕ್ಕಳು. "ಏನಬೇ, ಕೌದಿ ಕಳಸಾಕತ್ತೀಯೋ ಬುತ್ತಿ ಕಳಸಾಕತ್ತೀಯೋ?"

"ಹಸದ ಕೂಸಿಗೆ ಬರೀ ಅರಿವಿ ಕೊಡೂದೇನಬೇ?"

ದೀಪಾವಳಿಯ ಹೊತ್ತಿಗೆ ಭಾಗಪ್ಪ ಚರ್ಚಿನಲ್ಲಿ ಎದ್ದು ನಿಂತ. "ಎಲ್ಲಾ ಮುಟ್ಟೇತ್ರಿ. ನಮ್ಮ ಚಂದ್ರಾಬಾಯಿ ಕೌದಿ ಹೊದ್ದು ಒಂದು ಕೂಸು ಮಲಗೇತಂತ." ಮಗಳು ಹೋದ ಮೇಲೆ ಚಂದ್ರಾಬಾಯಿ ಮೊದಲ ಸಲ ನಕ್ಕದ್ದು ಅಂದೇ.

ಮರುವರ್ಷ ಹತ್ತಿರದ ಟಿಕೋಟಾದ ತನ್ನ ಮನೆಯಲ್ಲಿ ಭಾಗಪ್ಪ ಮೊಮ್ಮಗನ ದೀಕ್ಷಾಸ್ನಾನದ ಊಟ ಇಟ್ಟ. ಇಬ್ರಾಹಿಂಪುರದ ಹೆಂಗಸರೂ ಬಸ್ಸಿನಲ್ಲಿ ಹೋದರು. ಬಸ್ಸು ಎಷ್ಟು ತುಂಬಿತ್ತೆಂದರೆ, ಒಬ್ಬರು ಸೀನಿದರೆ ಇನ್ನೊಬ್ಬರು ಮೂಗು ಒರೆಸಿಕೊಳ್ಳಬೇಕು. ನಗುತ್ತ ಇಳಿದು ಪಡಸಾಲೆಗೆ ಬಂದರೆ, ಭಾಗಪ್ಪ ಹೊರಸಿನ ಮೇಲೆ ಒರಗಿದ್ದ. ಅವನ ಮೊಣಕೈ ಕೆಳಗೆ ಹಸಿರು ಗಿಳಿಗಳು.

ನಮ್ಮ ಏಳು ಸಮುದ್ರಗಳೂ ಟಿಕೋಟಾದ ರಸ್ತೆಯಲ್ಲಿಯೇ ಬತ್ತಿಹೋಗಿದ್ದವು.

"ಇದು ಇಲ್ಲೇ ಐತಲ್ರಿ, ಹಿರ್ಯಾರ?" ಎಂದಳು ಚಂದ್ರಾಬಾಯಿ.

ಭಾಗಪ್ಪ ಎದ್ದು ಕುಳಿತ. "ನಿನ್ನ ರೊಟ್ಟೀನ ಕೆಲಸ ಕೆಡಸಿತು ನೋಡವಾ. ಕಳಸೂದರಾಗ ಇಲಿ ಮೂಲಿ ಕಡದಿದ್ವು. ಹರಕ ಕೌದಿ ಪರದೇಶಕ್ಕ ಕಳಸಿದ್ರ ನಮ್ಮ ಮರ್ಯಾದಿ ಏನ ಉಳೀತಿತ್ತು?"

"ಹರದದ್ದು ನನಗ ತಂದು ಕೊಟ್ಟಿದ್ರ ಹೊಲೀತಿದ್ನಲ್ರಿ. ಮತ್ತ ಕೂಸು ಮಲಗೇತಿ ಅಂದ್ರಿ?"

"ನಿನ್ನ ಸಮಾಧಾನಕ್ಕ ಅಂದೆ."

ಊಟಕ್ಕೆ ಕುಳಿತವರ ಕೈಗಳು ತಾಟಿನಲ್ಲೇ ನಿಂತವು. ಚಂದ್ರಾಬಾಯಿ ಕೌದಿಯನ್ನು ಎಳೆದುಕೊಂಡು, ಗಿಳಿಗಳನ್ನು ಒಳಮುಖ ಮಾಡಿ ಮಡಚಿದಳು.

ಭಾಗಪ್ಪ ದನಿ ಮೆತ್ತಗೆ ಮಾಡಿದ. "ಕ್ಷಮಾ ಮಾಡಬೇಕವಾ. ಯೇಸುಸ್ವಾಮಿ ಹೇಳ್ಯಾನ."

"ಕ್ಷಮಾ ನನ್ನ ಕಡೆ ಇಲ್ರಿ, ಹಿರ್ಯಾರ. ಬಿಯಾಫ್ರಾದ ಕೂಸಿನ ಕಡೆ ಐತಿ. ಹೋಗಿ ಕೇಳಿ ಬರ್ರಿ. ಒಮ್ಮೆ ಕೌದಿ ಮುಟ್ಟಿಸಿ ಬಂದೀರಲ್ಲ, ದಾರಿ ನಿಮಗ ಗೊತ್ತೈತಿ."