ಅತ್ತೆಯ ಇಂಗ್ಲಿಷ್ ಡೈರಿ

ಇಂಗ್ಲೆಂಡಿನಲ್ಲೇ ಹುಟ್ಟಿ, ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವ ನನ್ನ ಮಗಳಿಗೆ ಇಂಗ್ಲಿಷ್ ಪದಗಳು ಸಾಲವು ಎಂದು ಟ್ಯೂಷನ್ ಮೇಡಂ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಾ, ಇವಳ ಇಂಗ್ಲಿಷೇ ಸಾಲದು ಅಂದರೆ ನಾವೆಲ್ಲ ಇಷ್ಟು ವರ್ಷ ಯಾವ ಧೈರ್ಯದ ಮೇಲೆ ಈ ಊರಿನಲ್ಲಿ ಬಾಯಿ ಬಿಟ್ಟಿದ್ದೇವೆ?

ಆಗ ನಾವಿದ್ದದ್ದು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ. ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆ ಡಾಕ್ಟರುಗಳು. ನಮ್ಮಂಥವರ ಮನೆಗಳಲ್ಲಿ ಮಕ್ಕಳಿಗೆ ಹತ್ತು ವರ್ಷ ತುಂಬಿತೆಂದರೆ ಗ್ರಾಮರ್ ಸ್ಕೂಲಿನ ಎಂಟ್ರೆನ್ಸ್ ಬಿಟ್ಟರೆ ಬೇರೆ ಮಾತೇ ಇಲ್ಲ. ಒಳ್ಳೆಯ ಶಾಲೆ, ಸೀಟು ಕಡಿಮೆ, ಪರೀಕ್ಷೆ ಬರೆಯಲು ಸಿಗುವುದು ಒಂದೇ ಅವಕಾಶ. ಅದರಲ್ಲಿ ಪದಗಳದ್ದೇ ಕಾರುಬಾರು: ಒಂದು ಪದ ಕೊಟ್ಟು ಅದರ ಅರ್ಥ ಆರಿಸು ಅನ್ನುತ್ತಾರೆ. ಮೇಡಂ ಕೊಟ್ಟ ಪಟ್ಟಿಯಲ್ಲಿ ಎರಡು ಸಾವಿರ ಪದಗಳಿದ್ದವು.

ನಾನು ಮೈಸೂರಿನಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು. ಪಿಯುಸಿಯ ಮೊದಲ ದಿನ ಲೆಕ್ಚರರ್ ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಾನು ಎದ್ದು ನಿಂತವಳು ನಿಂತೇ ಇದ್ದೆ, ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ. ನನ್ನ ಮಗಳು ಮಾತ್ರ ಯಾವ ಕ್ಲಾಸಿನಲ್ಲೂ ಹಾಗೆ ನಿಲ್ಲಬಾರದು ಎಂಬುದು ನನ್ನ ಹಟ. ಪಟ್ಟಿ ಹಿಡಿದು ಕೂತೆ. ನಾನು ‘ಫ್ರೂಗಲ್’ ಅಂದರೆ ಅವಳು, “ಅಮ್ಮ, ನೋಬಡಿ ಸೇಸ್ ದಟ್,” ಅನ್ನುವಳು. ನಾನು ರೇಗುವೆ, ಅವಳು ಅಳುವಳು, ಅಷ್ಟರಲ್ಲಿ ನನಗೆ ಡ್ಯೂಟಿಗೆ ಹೊತ್ತಾಗುವುದು.

ಯುಗಾದಿಯ ಹೊತ್ತಿಗೆ ಮೈಸೂರಿನಿಂದ ಅತ್ತೆ ಬಂದರು, ಆರು ತಿಂಗಳ ವೀಸಾದ ಮೇಲೆ. ಒಂದು ವಾರ ನಮ್ಮ ರಂಪ ನೋಡಿದರು. ಆಮೇಲೆ, “ನೀನು ದುಡಿಯೋಕೆ ಹೋಗಮ್ಮ. ಪದ ನಾನು ಕೇಳ್ತೀನಿ,” ಅಂದರು.

“ನಿಮಗೆ ಇಂಗ್ಲಿಷ್ ಓದೋಕೆ ಬರಲ್ವಲ್ಲ ಅತ್ತೆ.”

“ಕನ್ನಡದಲ್ಲಿ ಬರೆದುಕೊಡು. ಓದೋಕೇನು ಧಾಡಿ?”

ಔಷಧಿ ಕಂಪನಿಯವರು ಆಸ್ಪತ್ರೆಯಲ್ಲಿ ಹಂಚಿದ್ದ ಹಳೆಯ ಡೈರಿಯೊಂದಿತ್ತು. ಅದರಲ್ಲಿ ಎರಡು ಸಾವಿರ ಇಂಗ್ಲಿಷ್ ಪದಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಅರ್ಥ ಬರೆಯಲು ಪುರುಸೊತ್ತಿರಲಿಲ್ಲ. ಆ ಸೋಮಾರಿತನದಿಂದಲೇ ನಮಗೆ ಒಳ್ಳೆಯದಾಯಿತು. ಅರ್ಥ ಗೊತ್ತಿಲ್ಲದ ಅತ್ತೆಗೆ ಪ್ರತಿ ಪದವನ್ನೂ ಮಗಳೇ ನಿಘಂಟು ನೋಡಿ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಅಷ್ಟಕ್ಕೇ ಅತ್ತೆ ಬಿಡುತ್ತಿರಲಿಲ್ಲ. “ಅಂಥೋರು ಯಾರಿದ್ದಾರೆ ಹೇಳು,” ಎಂದು ಕೇಳುವರು. ಯಾರಾದರೊಬ್ಬರು ಸಿಕ್ಕಿದ ಮೇಲೆಯೇ ಆ ಪದ ಪಾಸು.

ಡ್ಯೂಟಿ ಇಲ್ಲದ ಸಂಜೆಗಳಲ್ಲಿ ನಾನು ಕೇಳಿಸಿಕೊಂಡಿದ್ದೇನೆ. ಅಡುಗೆಮನೆಯ ಮೇಜಿನ ಹತ್ತಿರ ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಾ, “ಫ್ರೂಗಲ್,” ಅನ್ನುವರು.

“ದುಡ್ಡು... ಜಾಸ್ತಿ ಖರ್ಚು ಮಾಡಲ್ಲ, ಅಜ್ಜಿ.”

“ಓ, ನಿಮ್ಮ ತಾತ! ಒಂದು ಬೆಂಕಿಕಡ್ಡೀನ ಎರಡು ಸೀಳು ಮಾಡಿ ಇಟ್ಕೋತಿದ್ರು.”

‘ಗಲ್ಲಿಬಲ್’ ಅಂದರೆ ಯಾರು ಏನು ಹೇಳಿದರೂ ನಂಬುವವರು. ಅದು ನನ್ನ ಗಂಡನ ಪಾಲಿಗೆ ಬಂತು. ಹುಣಸೆಬೀಜ ನುಂಗಿದರೆ ಹೊಟ್ಟೆಯಲ್ಲಿ ಮರ ಬೆಳೆಯುತ್ತದೆ ಅಂದಿದ್ದಕ್ಕೆ ಅವರು ಚಿಕ್ಕವರಿದ್ದಾಗ ದಿನವಿಡೀ ನೀರೇ ಕುಡಿಯಲಿಲ್ಲವಂತೆ! ಬಾಯಿ ಮುಚ್ಚದೆ ಮಾತಾಡುವವರ ಪದ ಪಕ್ಕದ ಮನೆಯ ಇಂಗ್ಲಿಷ್ ಮುದುಕಿಗೆ ಹೋಯಿತು. ಅತ್ತೆಗೆ ಒಂದಕ್ಷರ ತಿಳಿಯದಿದ್ದರೂ ಆಕೆ ಬೇಲಿಯ ಆಚೆ ನಿಂತು ಗಂಟೆಗಟ್ಟಲೆ ಹವಾಮಾನದ ವಿಷಯ ಹೇಳುತ್ತಿದ್ದಳು. ಅಜ್ಜಿ ಮೊಮ್ಮಗಳ ನಗು ಮಹಡಿಯವರೆಗೆ ಕೇಳಿಸುತ್ತಿತ್ತು. ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾದೀತು.

ಸೆಪ್ಟೆಂಬರಿನ ಮಾದರಿ ಪರೀಕ್ಷೆಯಲ್ಲಿ ಮಗಳಿಗೆ ಪದಗಳ ಭಾಗದಲ್ಲಿ ಒಳ್ಳೆಯ ಮಾರ್ಕು ಬಂತು. ಖುಷಿಯಿಂದ ಡೈರಿ ತೆರೆದೆ. ಅತ್ತೆಯ ಗುಂಡು ಅಕ್ಷರದಲ್ಲಿ ಪ್ರತಿ ಪದದ ಮುಂದೆ ಅರ್ಥ, ಅದರ ಮುಂದೆ ಒಬ್ಬ ಮನುಷ್ಯ. ನಗುನಗುತ್ತಾ ಹಾಳೆ ತಿರುವಿದೆ. ‘ಇರಾಸಿಬಲ್’ ಎಂಬ ಪದ ಬಂತು. ಮುಂದೆ ಬರೆದಿತ್ತು: “ಮೂಗಿನ ತುದಿಯಲ್ಲೇ ಕೋಪ ಇರುವವರು. ನಿಮ್ಮಮ್ಮ.”

ಡೈರಿ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿದೆ. “ಇದೇನಾ ಅತ್ತೆ ನೀವು ಆರು ತಿಂಗಳಿಂದ ಮಗು ತಲೇಲಿ ತುಂಬಿದ್ದು? ಆಸ್ಪತ್ರೇಲೂ ದುಡಿದು ಮನೇಲೂ ಸಾಯ್ತೀನಲ್ಲ, ಅದಕ್ಕೆ ಸಿಕ್ಕಿದ ಬಿರುದಾ ಇದು?” ಇನ್ನೂ ಏನೇನೋ ಅಂದೆ. ಬರೆಯಲು ನಾಚಿಕೆಯಾಗುತ್ತದೆ. ಮಗಳು ಬಾಗಿಲ ಹತ್ತಿರ ಬಂದು ಬಾಯಿ ತೆರೆದಳು. ಅತ್ತೆ, “ನೀನು ಮೇಲೆ ಹೋಗು ಪುಟ್ಟಿ,” ಅಂದರು. ನನ್ನ ಕಡೆ ತಿರುಗಿ, “ಹೋಗ್ಲಿ ಬಿಡಮ್ಮ. ಅದನ್ನ ಹೊಡೆದು ಹಾಕು,” ಅಂದರು. ಅಷ್ಟೇ. ಒಂದು ಎದುರು ಮಾತಾದರೂ ಆಡಿದ್ದರೆ ನನ್ನ ಸಿಟ್ಟು ಇಳಿಯುತ್ತಿತ್ತೇನೋ.

ಹತ್ತು ದಿನಗಳ ನಂತರ, ದಸರೆಗೆ ಮುಂಚೆ, ಅವರು ಊರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಕಾಲಿಗೇನೋ ನಮಸ್ಕಾರ ಮಾಡಿದೆ. ಮುಖ ನೋಡಲಿಲ್ಲ. ಭಾನುವಾರದ ಫೋನುಗಳಲ್ಲಿ ಗಂಡನೂ ಮಗಳೂ ಮಾತಾಡಿದರೆ ನಾನು ಪಾತ್ರೆ ತೊಳೆಯುತ್ತಿದ್ದೆ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಪರೀಕ್ಷೆ ನಡೆಯಿತು. ಮಗಳು ಶಾಲೆಯ ಗೇಟಿನಿಂದ ಓಡಿ ಬಂದು ಕಾರು ಹತ್ತಿದಳು. “ಅಮ್ಮ, ಇರಾಸಿಬಲ್ ಬಂದಿತ್ತು! ಐ ಗಾಟ್ ಇಟ್!”

“ಬರದೇ ಇರುತ್ತಾ? ನಿಮ್ಮಜ್ಜಿ ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಾರಲ್ಲ,” ಎಂದು ಚುಚ್ಚಿದೆ.

ಕಾರು ಹೊರಡಿಸಿದೆ. ಸ್ವಲ್ಪ ದೂರ ಹೋದ ಮೇಲೆ ಅವಳು ಕನ್ನಡದಲ್ಲೇ ಶುರು ಮಾಡಿದಳು. “ಅದು ಅಜ್ಜಿ ಹೇಳಿದ್ದಲ್ಲ ಅಮ್ಮ. ಅಂಥೋರು ಯಾರು ಅಂತ ಕೇಳಿದ್ರು. ನಾನೇ ಅಮ್ಮ ಅಂದೆ. ಬೇರೆ ಯಾರೂ ಇಲ್ವಾ, ಯೋಚನೆ ಮಾಡು ಅಂದ್ರು. ಐ ಸೆಡ್ ನೋ.”

“ಮತ್ತೆ ಅವತ್ತು ಯಾಕೆ ಹೇಳಲಿಲ್ಲ?”

“ಹೇಳೋಕೇ ಬಂದೆ. ಆಮೇಲೆ ಅಜ್ಜಿ ಮೇಲೆ ಬಂದು ಬೇಡ ಅಂದ್ರು. ‘ನಾನು ಹತ್ತು ದಿನಕ್ಕೆ ಊರಿಗೆ ಹೋಗೋಳು, ಬೈಸ್ಕೊಂಡ್ರೆ ಏನಾಯ್ತು? ನಿಂಗೆ ಪರೀಕ್ಷೆ ಇದೆ’ ಅಂದ್ರು.”

ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಕಣ್ಣು ಮಂಜಾಗಿ ರಸ್ತೆ ಕಾಣಿಸುತ್ತಿರಲಿಲ್ಲ. “ಸಾರಿ ಅಮ್ಮ,” ಅಂದಳು. ಸಾರಿ ಹೇಳಬೇಕಾದವಳು ಅವಳಲ್ಲ. ಅವಳನ್ನು ಅಪ್ಪಿಕೊಂಡೆ.

ಸೀಟು ಸಿಕ್ಕಿತೆಂಬ ಕಾಗದ ಬರುವುದಕ್ಕೆ ಇನ್ನೂ ಬಹಳ ದಿನ ಹಿಡಿಯಿತು. ಆದರೆ ನಾನು ಅದಕ್ಕೆ ಕಾಯಲಿಲ್ಲ. ಮನೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ಮೈಸೂರಿಗೆ ಫೋನ್ ಮಾಡಿದೆ.

“ತಪ್ಪಾಯ್ತು ಅತ್ತೆ. ಅವಳು ಎಲ್ಲಾ ಹೇಳಿದ್ಲು,” ಅನ್ನುವಷ್ಟರಲ್ಲಿ ಅಳು ಬಂತು.

ಅತ್ತೆ ಕೇಳಿದರು, “ಆ ಪದ ಪರೀಕ್ಷೆಗೆ ಬಂದಿತ್ತಾ?”

“ಬಂದಿತ್ತು ಅತ್ತೆ.”

“ಸರಿಯಾಗಿ ಬರೆದ್ಲಾ?”

“ಬರೆದ್ಲು.”

“ಮತ್ತೆ? ಒಂದು ಮಾರ್ಕು ನಿನ್ನಿಂದಾನೇ ಬಂತಲ್ಲ. ಅದಕ್ಯಾಕೆ ಅಳ್ತೀಯ? ಹೋಗು, ಮಗೂಗೆ ಊಟ ಹಾಕು.”